ಪವಿತ್ರ ಕುಟುಂಬದ ಹಬ್ಬ: ಮನೆಯ ಗೋದಲಿ ಮತ್ತು ತಂಗಿಯ ಪಾಲು



ಕ್ರಿಸ್ತಜಯಂತಿಯ ಸಂಭ್ರಮ ಮುಗಿಯುವ ಮೊದಲೇ ಧರ್ಮಸಭೆ ನಮ್ಮ ಮುಂದೆ ಪವಿತ್ರ ಕುಟುಂಬದ ಹಬ್ಬವನ್ನು ಇಡುತ್ತದೆ. ಬಾಗಿಲಲ್ಲಿ ನಕ್ಷತ್ರದ ದೀಪ ಇನ್ನೂ ತೂಗುತ್ತಿರುತ್ತದೆ. ಡಬ್ಬಿಯ ತಳದಲ್ಲಿ ನಾಲ್ಕು ಕರ್ಚಿಕಾಯಿ ಉಳಿದಿರುತ್ತವೆ. ಗೋದಲಿಯ ಹುಲ್ಲು ಒಣಗಿರುತ್ತದೆ. ಮೊನ್ನೆಯವರೆಗೆ ಬಾಲಯೇಸುವನ್ನಷ್ಟೇ ನೋಡುತ್ತಿದ್ದ ನಮ್ಮ ಕಣ್ಣನ್ನು ಇಂದು ಧರ್ಮಸಭೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಆ ತಾಯಿಯನ್ನೂ ಸಾಕುತಂದೆಯನ್ನೂ ನೋಡಿರಿ ಎನ್ನುತ್ತದೆ. ದೇವಪುತ್ರರು ನೇರವಾಗಿ ಪ್ರಬೋಧನೆಯ ಬೆಟ್ಟಕ್ಕೆ ಇಳಿದು ಬರಲಿಲ್ಲ. ಒಂದು ಮನೆಗೆ ಬಂದರು. ಸುಮಾರು ಮೂವತ್ತು ವರ್ಷ ಆ ಮನೆಯ ಮಗನಾಗಿ ಇದ್ದರು. ಊರೂರು ತಿರುಗಿ ಬೋಧಿಸಿದ್ದು ಮೂರು ವರ್ಷದಷ್ಟು ಮಾತ್ರ. ಈ ಲೆಕ್ಕವನ್ನು ನಾವು ಗುರುಗಳೂ ಆಗಾಗ ಮರೆಯುತ್ತೇವೆ.

ಈ ಹಬ್ಬ ತೀರಾ ಹಳೆಯದೇನಲ್ಲ. ಜಗದ್ಗುರು 13ನೇ ಲಿಯೋರವರು 1893ರಲ್ಲಿ ಇದಕ್ಕೆ ಅನುಮತಿ ಕೊಟ್ಟರು. 1921ರಲ್ಲಿ 15ನೇ ಬೆನೆಡಿಕ್ಟರು ಇದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. 1969ರ ಪೂಜಾವಿಧಿಯ ಸುಧಾರಣೆಯ ನಂತರ ಇದು ಕ್ರಿಸ್ಮಸ್ ಅಷ್ಟಕದ ಭಾನುವಾರಕ್ಕೆ ಬಂತು. ಕ್ರಿಸ್ಮಸ್ಸೇ ಭಾನುವಾರ ಬಿದ್ದ ವರ್ಷ ಡಿಸೆಂಬರ್ 30ರಂದು ಆಚರಿಸುತ್ತೇವೆ. 13ನೇ ಲಿಯೋರವರ ಕಾಲವೆಂದರೆ ಕಾರ್ಖಾನೆಗಳ ಕಾಲ. ತಂದೆ ಒಂದು ಪಾಳಿಯಲ್ಲಿ, ತಾಯಿ ಇನ್ನೊಂದು ಪಾಳಿಯಲ್ಲಿ, ಮಕ್ಕಳು ಬೀದಿಯಲ್ಲಿ. ಕಾರ್ಮಿಕರ ನ್ಯಾಯದ ಬಗ್ಗೆ 1891ರಲ್ಲಿ ಪ್ರಸಿದ್ಧ ವಿಶ್ವಪತ್ರವನ್ನು ಬರೆದ ಅದೇ ಜಗದ್ಗುರುಗಳು ಎರಡು ವರ್ಷಗಳ ನಂತರ ಈ ಹಬ್ಬದತ್ತ ಗಮನ ಕೊಟ್ಟರೆಂಬುದನ್ನು ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವ ನಮ್ಮ ಅನಗೋಳದ ಕುಟುಂಬಗಳು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲವು.

ನಾವು ಪವಿತ್ರ ಕುಟುಂಬವೆಂದಾಗ ಕ್ಯಾಲೆಂಡರಿನ ಚಿತ್ರ ಕಣ್ಮುಂದೆ ಬರುತ್ತದೆ. ಆದರೆ ಶುಭಸಂದೇಶ ತೋರಿಸುವ ಕುಟುಂಬ ಬೇರೆ. ಮಗುವನ್ನು ದೇವಾಲಯದಲ್ಲಿ ಅರ್ಪಿಸಲು ಹೋದಾಗ ಅವರು ಕೊಟ್ಟದ್ದು ಹಕ್ಕಿಗಳ ಜೋಡಿ (ಲೂಕ 2:24). ಮೋಶೆಯ ನಿಯಮದ ಪ್ರಕಾರ ಕುರಿಮರಿ ಕೊಡಲು ಶಕ್ತಿಯಿಲ್ಲದ ಬಡವರ ಕಾಣಿಕೆ ಅದು (ಯಾಜಕಕಾಂಡ 12:8). ನಂತರ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದರು. ಮಗ ಹನ್ನೆರಡು ವರ್ಷದವನಾಗಿದ್ದಾಗ ಮೂರು ದಿನ ಅವನನ್ನು ಹುಡುಕಿ ಬಳಲಿದರು. ಸಿಕ್ಕಾಗ ಅವನು ಹೇಳಿದ್ದು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಸಂತ ಲೂಕ ಮುಚ್ಚಿಡದೆ ಬರೆದಿದ್ದಾರೆ (2:50). ಬಡತನ, ವಲಸೆ, ಬೆಳೆದ ಮಗನ ಮಾತು ತಿಳಿಯದಿರುವುದು, ಇದ್ಯಾವುದೂ ಆ ಮನೆಯ ಪವಿತ್ರತೆಗೆ ಅಡ್ಡಿಯಾಗಲಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಪ್ರಕಟಿಸಿದ 'ಲೂಮೆನ್ ಜೆನ್ಸಿಯುಂ' ಎಂಬ ಶಾಸನಪತ್ರ ಕ್ರೈಸ್ತ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಸಂತ ಎರಡನೇ ಜಾನ್ ಪೌಲರು 1981ರಲ್ಲಿ 'ಫಮಿಲಿಯಾರಿಸ್ ಕೊನ್ಸೊರ್ಸಿಯೊ' ಪತ್ರದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು. 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸರು ಎರಡು ಸಿನೊಡ್‌ಗಳ ನಂತರ 2016ರಲ್ಲಿ 'ಅಮೋರಿಸ್ ಲೆತೀಸಿಯಾ' ಬರೆದರು. ಈ ಮಾತಿನ ಅರ್ಥವೇನು? ಮನೆಯಲ್ಲಿ ಪೀಠ ಕಟ್ಟಿ ನಾಲ್ಕು ಸಂತರ ಪಟಗಳನ್ನಿಟ್ಟು ಬಣ್ಣದ ದೀಪ ಹಚ್ಚಿದರೆ ಮನೆ ಧರ್ಮಸಭೆಯಾಗುತ್ತದೆಯೇ? ಪೀಠ ಬೇಕು, ದೀಪವೂ ಬೇಕು, ನಾವು ಬೇಡವೆನ್ನುತ್ತಿಲ್ಲ. ಆದರೆ ಧರ್ಮಸಭೆಯಲ್ಲಿ ಏನೇನು ನಡೆಯುತ್ತದೆಯೋ ಅದು ಮನೆಯಲ್ಲೂ ನಡೆಯಬೇಕು. ದೇವರ ವಾಕ್ಯ ಕೇಳುವುದು, ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವುದು, ತಪ್ಪು ಒಪ್ಪಿಕೊಳ್ಳುವುದು, ಕ್ಷಮಿಸುವುದು.

ಕುಟುಂಬ ಪ್ರಾರ್ಥನೆಯ ಬಗ್ಗೆ ಒಂದೆರಡು ಮಾತು. "ಎಲ್ಲಾರೂ ಒಂದ ಹೊತ್ತಿಗೆ ಮನ್ಯಾಗ ಇರೂದ ಇಲ್ರಿ ಫಾದರ್, ಜಪಸರ ಹ್ಯಾಂಗ ಮಾಡೂದು?" ಎಂದು ಕೇಳುವವರಿದ್ದಾರೆ. ಅವರ ಕಷ್ಟ ನಿಜ. ಎರಡನೇ ಪಾಳಿಗೆ ಹೋದವನು ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಾರೆ. ಅವರು ಶಾಲೆಗೆ ಹೋಗುವಾಗ ಅವನು ಮಲಗಿರುತ್ತಾನೆ. ಅಂಥ ಮನೆಯಲ್ಲಿ ಐದೂ ದಶಕ ಜಪಸರವಾಗದಿದ್ದರೆ ಒಂದೇ ದಶಕವಾಗಲಿ. ಕೆಲಸಕ್ಕೆ ಹೊರಡುವ ಮುನ್ನ ತಂದೆ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲಿ. ಅದಕ್ಕೆ ಅರ್ಧ ನಿಮಿಷ ಸಾಕು. ಭಾಷೆಯ ಪ್ರಶ್ನೆಯೂ ನಮ್ಮಲ್ಲುಂಟು. ಅಜ್ಜಿಗೆ ಕೊಂಕಣಿ, ಅಮ್ಮನಿಗೆ ಕನ್ನಡ, ಪಕ್ಕದ ಮನೆಯೊಂದಿಗೆ ಮರಾಠಿ, ಮಕ್ಕಳಿಗೆ ಇಂಗ್ಲಿಷ್. ನಮಗೆ ಗೊತ್ತಿರುವ ಒಂದು ಮನೆಯಲ್ಲಿ 'ನಮೋ ಮರಿಯ'ದ ಮೊದಲರ್ಧ ಒಂದು ಭಾಷೆಯಲ್ಲಿ, ಉತ್ತರಾರ್ಧ ಮತ್ತೊಂದು ಭಾಷೆಯಲ್ಲಿ ನಡೆಯುತ್ತದೆ. ಮಾತೆ ಮರಿಯಮ್ಮನವರಿಗೆ ಎರಡೂ ಅರ್ಥವಾಗುತ್ತವೆ!

ಪೋಪ್ ಫ್ರಾನ್ಸಿಸರು ಕುಟುಂಬಗಳಿಗೆ ಪದೇ ಪದೇ ಮೂರು ಮಾತುಗಳನ್ನು ನೆನಪಿಸುತ್ತಿದ್ದರು. ಅಪ್ಪಣೆ ಕೇಳುವ ಮಾತು, ಉಪಕಾರ ಸ್ಮರಿಸುವ ಮಾತು, ಕ್ಷಮೆ ಕೇಳುವ ಮಾತು. ಮೊದಲಿನೆರಡನ್ನು ನಾವು ಹೇಗೋ ಹೇಳಿಬಿಡುತ್ತೇವೆ. ಮೂರನೆಯದು ನಮ್ಮ ಭಾಗದ ಗಂಡಸರ ಬಾಯಲ್ಲಿ ಬರುವುದೇ ಇಲ್ಲ. ಹೆಂಡತಿಯ ಮೇಲೆ ರೇಗಾಡಿದವನು ಸಂಜೆ ಅರ್ಧ ಕಿಲೋ ಕುಂದಾ ತಂದು ಮೇಜಿನ ಮೇಲಿಟ್ಟು ಮಾತಾಡದೆ ಕೂರುತ್ತಾನೆ. ಕುಂದಾ ಒಳ್ಳೆಯದೇ. ಆದರೆ 'ತಪ್ಪಾತು' ಎಂಬ ಮೂರಕ್ಷರದ ಕೆಲಸವನ್ನು ಅದು ಮಾಡುವುದಿಲ್ಲ.

ಈಗ ಇಂದಿನ ಮುಖ್ಯ ವಿಷಯಕ್ಕೆ ಬರುತ್ತೇವೆ. ಕ್ರಿಸ್ಮಸ್ ದಿನಗಳಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ಗೋದಲಿಯ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ ಪ್ರಾರ್ಥಿಸುವುದು ನಮ್ಮ ರೂಢಿ. ಆಗ ಸಹಜವಾಗಿ ಕೇಳುತ್ತೇವೆ: "ತಂಗಿ ಬಂದಿಲ್ಲೇನು ಹಬ್ಬಕ್ಕ?" ಕೆಲವು ಮನೆಗಳಲ್ಲಿ ಉತ್ತರ ಬರುವುದು ತಡವಾಗುತ್ತದೆ. ಮನೆಯೊಡತಿ ಅಡಿಗೆಮನೆಯ ಕಡೆ ನೋಡುತ್ತಾರೆ. ಮುದುಕಿ ತಾಯಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಕೊನೆಗೆ ಮಗ ಹೇಳುತ್ತಾನೆ: "ಆಕಿ ಬರೂದ ಬಿಟ್ಟಾಳ್ರಿ ಫಾದರ್." ಕಾರಣವನ್ನು ನಾವು ಕೇಳಬೇಕಾಗಿಲ್ಲ. ಹತ್ತಕ್ಕೆ ಎಂಟು ಸಲ ಅದು ಹೊಲದ ವಾಟ್ನಿ. ಗೋದಲಿಯಲ್ಲಿ ಪವಿತ್ರ ಕುಟುಂಬ ಪೂರ್ತಿಯಾಗಿದೆ; ಅದನ್ನು ಕಟ್ಟಿದ ಕುಟುಂಬ ಪೂರ್ತಿಯಾಗಿಲ್ಲ.

ಅನಗೋಳ ಒಂದು ಕಾಲಕ್ಕೆ ಗದ್ದೆಗಳ ನಡುವಿನ ಹಳ್ಳಿ. ಇಂದು ಅದು ನಗರದ ಭಾಗ. ಯಳ್ಳೂರು ರಸ್ತೆಯ ಕಡೆ, ವಡಗಾಂವಿ ಕಡೆ ಭತ್ತ ಬೆಳೆಯುತ್ತಿದ್ದ ನೆಲದಲ್ಲಿ ಪ್ಲಾಟಿನ ಕಲ್ಲುಗಳು ಎದ್ದಿವೆ. ಗದ್ದೆಗೆ ಎಕರೆಯ ಲೆಕ್ಕವಿದ್ದಾಗ ಅಣ್ಣತಮ್ಮಂದಿರು ಒಟ್ಟಿಗೆ ನಾಟಿ ಮಾಡುತ್ತಿದ್ದರು. ಚದರ ಅಡಿಯ ಲೆಕ್ಕ ಬಂದ ದಿನದಿಂದ ಮಾತು ಬಿಟ್ಟರು. ರಸ್ತೆಗೆ ಹೊಲ ಹೋಗಿ ಪರಿಹಾರದ ಹಣ ಬಂದ ಮನೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಖಾನಾಪುರದ ಹಳ್ಳಿಗಳಲ್ಲೂ ಕಥೆ ಇದೇ, ಬೆಲೆ ಮಾತ್ರ ಕಡಿಮೆ. ಈ ಜಗಳಗಳಲ್ಲಿ ಅಣ್ಣತಮ್ಮಂದಿರ ನಡುವಿನದು ಊರಿಗೆಲ್ಲ ಕೇಳಿಸುತ್ತದೆ. ಮನೆಯ ಹೆಣ್ಣುಮಗಳಿಗೆ ಆಗುವ ಅನ್ಯಾಯ ಮಾತ್ರ ಸದ್ದಿಲ್ಲದೆ, ಒಂದು ಸಹಿಯಲ್ಲಿ ಮುಗಿದುಹೋಗುತ್ತದೆ. ತಂದೆ ತೀರಿಕೊಂಡು ಮಾಸಿಕ ಪೂಜೆ ಮುಗಿದ ಮೇಲೆ ವಾರಸಾ ಮಾಡಿಸಲು ಅವಳನ್ನು ಕರೆಸುತ್ತಾರೆ. ಹಕ್ಕು ಬಿಟ್ಟುಕೊಟ್ಟ ಪತ್ರವನ್ನು ಮುಂದಿಡುತ್ತಾರೆ. ಅವಳು ಸಹಿ ಮಾಡಿದರೆ ಒಂದು ಸೀರೆ. ಮಾಡದಿದ್ದರೆ ತವರು ಮುಗಿಯಿತು.

ನಮ್ಮ ಜನರಲ್ಲಿ ಬಹಳಷ್ಟು ಮಂದಿಗೆ ತಿಳಿಯದ ಸಂಗತಿಯೊಂದಿದೆ. ಕ್ರೈಸ್ತ ಹೆಣ್ಣುಮಕ್ಕಳಿಗೆ ಸಮಪಾಲು ಹೊಸದಾಗಿ ಬಂದ ಹಕ್ಕಲ್ಲ. 2005ರ ತಿದ್ದುಪಡಿ ಹಿಂದೂ ಕುಟುಂಬಗಳಿಗೆ ಸಂಬಂಧಿಸಿದ್ದು; "ಆ ಕಾಯ್ದೆ ನಮಗ ಬರೂದಿಲ್ಲ" ಎಂದು ನಮ್ಮ ಕೆಲವರು ವಾದಿಸುತ್ತಾರೆ. ಬರುವುದಿಲ್ಲ, ನಿಜ. ನಮಗೆ ಅದಕ್ಕಿಂತ ಬಹಳ ಮೊದಲೇ ಕಾಯ್ದೆಯಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮೃತ್ಯುಪತ್ರ ಬರೆಯದೆ ಒಬ್ಬನು ತೀರಿಕೊಂಡರೆ ಅವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಹೆಂಡತಿಗೆ. ಉಳಿದ ಎರಡು ಭಾಗ ಮಕ್ಕಳಿಗೆ ಸಮಸಮನಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ, ಮದುವೆಯಾದವಳು ಆಗದವಳು ಎಂಬ ಭೇದವೂ ಇಲ್ಲ. ಉದಾಹರಣೆಗೆ ಆರು ಎಕರೆ ಹೊಲವಿದ್ದು, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರೆ ತಾಯಿಗೆ ಎರಡು ಎಕರೆ, ನಾಲ್ವರಿಗೂ ಒಂದೊಂದು ಎಕರೆ. "ಮದವ್ಯಾಗ ಬಂಗಾರ ಹಾಕೀವಲ್ರಿ, ಅದರಾಗ ಮುಗೀತು" ಎಂಬ ಮಾತಿಗೂ ಅದೇ ಕಾಯ್ದೆಯಲ್ಲಿ ಉತ್ತರವಿದೆ. ತಂದೆ ಬದುಕಿದ್ದಾಗ ಯಾವ ಮಗುವಿಗೆ ಏನೇ ಕೊಟ್ಟಿದ್ದರೂ ಅದನ್ನು ಪಾಲಿನಲ್ಲಿ ಕಳೆಯುವಂತಿಲ್ಲ. ಕಳೆಯುವುದಾದರೆ ಮಗನ ಇಂಜಿನಿಯರಿಂಗ್ ಫೀಯನ್ನೂ, ದುಬೈಗೆ ಕಳಿಸಿದ ಖರ್ಚನ್ನೂ ಕಳೆಯಬೇಕಾದೀತಲ್ಲವೇ?

ಕೇರಳದ ಹಳೆಯ ತಿರುವಾಂಕೂರು ಭಾಗದಲ್ಲಿ ಮಾತ್ರ 1916ರ ಬೇರೊಂದು ಕಾಯ್ದೆ ನಡೆಯುತ್ತಿತ್ತು. ಅಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ ಸಿಗುತ್ತಿತ್ತು. ಮೇರಿ ರಾಯ್ ಎಂಬ ಕ್ರೈಸ್ತ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೂ 1925ರ ಕಾಯ್ದೆಯ ಸಮಪಾಲು ಸಿಗುವಂತೆ ಮಾಡಿದರು. ಅವರು ಹೋರಾಡಿ ಪಡೆದದ್ದು ನಮ್ಮ ಬೆಳಗಾವಿಯ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಇತ್ತು. ಇದ್ದದ್ದನ್ನು ನಾವೇ ಸಹಿ ಹಾಕಿಸಿಕೊಂಡು ತೆಗೆದುಕೊಂಡೆವು.

"ಇದು ಕೋರ್ಟಿನ ವಿಷಯ, ಪೂಜೆಯಲ್ಲೇಕೆ?" ಎಂದು ನೀವು ಕೇಳಬಹುದು. ಯೇಸುಸ್ವಾಮಿಯ ಬಳಿಗೂ ಒಬ್ಬನು ಇದೇ ವ್ಯಾಜ್ಯ ತಂದಿದ್ದ. ಅಣ್ಣನಿಗೆ ಹೇಳಿ ಪಾಲು ಕೊಡಿಸಿರೆಂದ (ಲೂಕ 12:13). ಸ್ವಾಮಿ ಪಂಚಾಯಿತಿದಾರರಾಗಲು ಒಪ್ಪಲಿಲ್ಲ. ಅಷ್ಟನ್ನೇ ಓದಿ ನಿಲ್ಲಿಸುವವರಿದ್ದಾರೆ. ಆದರೆ ಸ್ವಾಮಿ ಅಲ್ಲಿಗೆ ನಿಲ್ಲಿಸಲಿಲ್ಲ. ದುರಾಶೆಯ ಬಗ್ಗೆ ಎಚ್ಚರಿಸಿ, ಕಣಜ ಒಡೆದು ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟ ಶ್ರೀಮಂತನ ಕಥೆಯನ್ನು ಆ ಜಗಳದ ಮುಂದೆಯೇ ಹೇಳಿದರು. ಹೊಲ ಅಳೆಯುವುದು ತಮ್ಮ ಕೆಲಸವಲ್ಲವೆಂದರು, ಮನಸ್ಸನ್ನು ಅಳೆಯದೆ ಬಿಡಲಿಲ್ಲ. ಪೀಠದ ಮುಂದೆ ಕಾಣಿಕೆ ತಂದವನಿಗೆ, ನಿನ್ನ ಮೇಲೆ ಸಹೋದರನ ಮನಸ್ತಾಪ ಇರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದವರೂ ಅವರೇ (ಮತ್ತಾಯ 5:23-24). ಗಮನಿಸಿರಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎನ್ನಲಿಲ್ಲ. ಅವನಿಗೆ ನಿನ್ನ ಮೇಲಿದ್ದರೆ ಎಂದರು. ಅನ್ಯಾಯ ಮಾಡಿದವನಿಗೆ ಸಾಮಾನ್ಯವಾಗಿ ಯಾರ ಮೇಲೂ ಸಿಟ್ಟಿರುವುದಿಲ್ಲ.

ಹಳೆಯ ಒಡಂಬಡಿಕೆಯಲ್ಲೂ ಈ ಪ್ರಶ್ನೆ ಬಂದಿದೆ. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಸತ್ತ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಅವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಭೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿದರು. ಮೋಶೆ ತಾನೇ ತೀರ್ಪು ಕೊಡದೆ ದೇವರನ್ನು ಕೇಳಿದ. ಆ ಹೆಣ್ಣುಮಕ್ಕಳು ಕೇಳುವುದು ಸರಿ ಎಂದು ದೇವರು ಉತ್ತರ ಕೊಟ್ಟರು (ಸಂಖ್ಯಾಕಾಂಡ 27). ಮುಂದೆ 36ನೇ ಅಧ್ಯಾಯದಲ್ಲಿ ಆ ಕುಲದ ಗಂಡಸರು ಹೊಲ ಹೊರಗೆ ಹೋದೀತೆಂದು ಬಂದು ಷರತ್ತು ಹಾಕಿಸುವುದೂ ಇದೆ. ನಮ್ಮೂರಿನ ಕಥೆಯೆಂದೇ ತೋರುತ್ತದೆ! ಆದರೂ ಎಷ್ಟೋ ಗಂಡಸರ ಹೆಸರು ಅಳಿದುಹೋದ ಆ ಮರುಭೂಮಿಯ ಪ್ರಯಾಣದಲ್ಲಿ ಪಾಲು ಕೇಳಿದ ಐವರು ಹುಡುಗಿಯರ ಹೆಸರನ್ನು ಶ್ರೀಗ್ರಂಥ ಉಳಿಸಿಕೊಂಡಿದೆ.

ಹಾಗಾದರೆ ತಂಗಿ ತಾನಾಗಿ ಬಿಟ್ಟುಕೊಡುವುದು ತಪ್ಪೇ? ಖಂಡಿತ ಅಲ್ಲ. ಕಷ್ಟದಲ್ಲಿರುವ ಅಣ್ಣನಿಗೆ ಅವಳು ಮನಸಾರೆ ಕೊಟ್ಟರೆ ಅದು ದಾನ. ಆದರೆ ಬೇಡವೆನ್ನುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಕೊಟ್ಟದ್ದು ದಾನವಾಗುತ್ತದೆ. ತಂದೆತಾಯಿಯನ್ನು ಹತ್ತು ವರ್ಷ ಹಾಸಿಗೆಯಲ್ಲಿ ನೋಡಿಕೊಂಡ ಮಗನಿಗೆ, ಅವನ ಹೆಂಡತಿಗೆ ಹೆಚ್ಚು ಸಿಗಬೇಕೆಂಬುದೂ ನ್ಯಾಯವೇ. ಕೆಲವು ಮನೆಗಳಲ್ಲಿ ಅದನ್ನು ಮಾಡಿದವಳು ಮಗಳೇ. ಅದಕ್ಕೆ ದಾರಿ ಮೃತ್ಯುಪತ್ರ. ತಂದೆತಾಯಿಗಳು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆಯಲಿ. ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆಸ್ತಿ ಪಡೆಯುವವರು ಅಥವಾ ಅವರ ಗಂಡ ಹೆಂಡತಿ ಸಾಕ್ಷಿಯಾಗಬಾರದು, ಆದರೆ ಅವರಿಗೆ ಬರೆದದ್ದು ಅಸಿಂಧುವಾಗುತ್ತದೆ. ವಕೀಲರನ್ನು ಕೇಳಿಯೇ ಮಾಡಿರಿ. ನಾವು ಇನ್ನೊಂದು ಸೇರಿಸುತ್ತೇವೆ: ಬರೆದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ, ಎಲ್ಲ ಮಕ್ಕಳನ್ನೂ ಕೂರಿಸಿ ಓದಿ ಹೇಳಿರಿ. ಸತ್ತ ಮೇಲೆ ತೆರೆಯುವ ಲಕೋಟೆಗಿಂತ ಬದುಕಿರುವಾಗ ಆಗುವ ಒಂದು ಸಂಜೆಯ ಜಗಳ ಮೇಲು.

ಇಷ್ಟನ್ನು ಪೀಠದ ಬಳಿ ನಿಂತು ಹೇಳಲು ನಮಗೆ ಸುಲಭವಾಗಿಲ್ಲ. ಏಕೆಂದರೆ ಇದು ನಮ್ಮ ಮನೆಯಲ್ಲೂ ನಡೆದಿದೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ತಂದೆ ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಖಾನಾಪುರ ತಾಲೂಕಿನ ಹಳ್ಳಿಯಲ್ಲಿ ಮೂರು ಎಕರೆ ಗದ್ದೆ. ಒಬ್ಬ ಅಣ್ಣ, ಒಬ್ಬ ತಮ್ಮ, ಒಬ್ಬಳು ತಂಗಿ ಮತ್ತು ನಾವು. ನಾಲ್ಕು ಪಾಲಾದರೆ ತಲಾ ಮೂವತ್ತು ಗುಂಟೆ. ಗುರುವಾದ ನಮಗೆ ಗದ್ದೆ ಏತಕ್ಕೆ ಎಂದು ನಮ್ಮ ಪಾಲನ್ನು ಸಹೋದರರಿಗೆ ಬಿಟ್ಟುಕೊಟ್ಟೆವು. ತ್ಯಾಗ ಮಾಡಿದೆವೆಂಬ ತೃಪ್ತಿಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಅದೇ ದಿನ, ಅದೇ ಕಚೇರಿಯಲ್ಲಿ ತಂಗಿಯ ಮುಂದೆಯೂ ಪತ್ರ ಇಟ್ಟರು. ಅವಳು ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದಳು. ಆಗ ನಮ್ಮವರೊಬ್ಬರು ಅಂದರು: "ಫಾದರ ಬಿಟ್ಟುಕೊಟ್ಟಾರ, ನಿಂದೇನವಾ?" ಅವಳು ನಮ್ಮ ಕಡೆ ನೋಡಿದಳು. ನಾವು ಕಿಟಕಿಯ ಕಡೆ ನೋಡಿದೆವು. ಅವಳು ಸಹಿ ಮಾಡಿದಳು. ಇಬ್ಬರು ಸಹೋದರರಿಗೂ ಅರವತ್ತು ಅರವತ್ತು ಗುಂಟೆಯಾಯಿತು.

ಅವಳು ತವರು ಬಿಡಲಿಲ್ಲ, ಜಗಳವನ್ನೂ ಮಾಡಲಿಲ್ಲ. ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಪ್ರತಿ ವರ್ಷ ಬರುತ್ತಿದ್ದಳು. ನಡುವೆ ಅವಳ ಗಂಡನ ಕೆಲಸ ಹೋಯಿತು. ಅವಳು ಹೊಲಿಗೆ ಹೊಲಿದು ಇಬ್ಬರು ಮಕ್ಕಳ ಫೀ ಕಟ್ಟುತ್ತಿದ್ದುದು ನಮಗೆ ಬೇರೆಯವರಿಂದ ತಿಳಿಯಿತು. ಮೂರು ವರ್ಷದ ಹಿಂದೆ ಇದೇ ಹಬ್ಬಕ್ಕೆ ಕುಟುಂಬದ ಬಗ್ಗೆ ಬಹಳ ಚೆನ್ನಾಗಿ ಪ್ರಬೋಧನೆ ಮಾಡಿದೆವು. ಪೂಜೆಯ ನಂತರ ಅವಳು ಗುರುನಿವಾಸಕ್ಕೆ ಬಂದು ಊಟ ಬಡಿಸುತ್ತ, ಕೋಪವಿಲ್ಲದೆಯೇ ಹೇಳಿದಳು: "ನೀವು ದೇವರ ಸೇವಾಕ್ಕ ಹೋದವರು, ನಿಮಗ ಹೊಲ ಬ್ಯಾಡ. ನನಗ ಬ್ಯಾಡಂತ ನಾ ಯಾವಾಗ ಅಂದಿದ್ದೆ ಫಾದರ್?"

ನಮ್ಮ ತ್ಯಾಗವೇ ಅವಳ ಕೈ ಕಟ್ಟಿತ್ತು. ಬಿಟ್ಟುಕೊಡುವುದು ನಮ್ಮದನ್ನು ಮಾತ್ರ ಆಗಿರಬೇಕಿತ್ತು. ನಾವು ಮೌನವಾಗಿದ್ದುಕೊಂಡು ಅವಳದನ್ನೂ ಬಿಟ್ಟುಕೊಟ್ಟಿದ್ದೆವು. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡಾಗ ನಮ್ಮ ಹಿರಿಯ ಗುರುಗಳು ಪ್ರಾಯಶ್ಚಿತ್ತವಾಗಿ ಯಾವ ಪ್ರಾರ್ಥನೆಯನ್ನೂ ಕೊಡಲಿಲ್ಲ; ತಂಗಿಯ ಮನೆಗೆ ಹೋಗು ಎಂದರು. ಹೋದೆವು. ಇಷ್ಟು ವರ್ಷ ನೂರಾರು ಜನರ ಪಾಪನಿವೇದನೆ ಕೇಳಿದ ನಮಗೆ ಆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು "ತಪ್ಪಾತವಾ" ಎನ್ನಲು ಅರ್ಧ ಗಂಟೆ ಬೇಕಾಯಿತು. ಗುರುದೀಕ್ಷೆಯಾದ ದಿನದಿಂದ ನಮ್ಮನ್ನು ಫಾದರ್ ಎಂದೇ ಕರೆಯುತ್ತಿದ್ದವಳು ಅಂದು, "ಚಾ ಆರತೈತಿ, ಕುಡಿ ಅಣ್ಣಾ" ಅಂದಳು.

ನಂತರ ಸಹೋದರರ ಬಳಿಗೆ ಹೋದೆವು. ಲೆಕ್ಕ ಕಷ್ಟದ್ದಲ್ಲ, ಇಬ್ಬರೂ ಹದಿನೈದು ಹದಿನೈದು ಗುಂಟೆ ಕೊಟ್ಟರೆ ಅವಳ ಮೂವತ್ತು ಆಗುತ್ತದೆ. ಅಣ್ಣ ಒಂದು ವರ್ಷ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಹೋಗಿ ಹದಿನೈದು ಗುಂಟೆಯನ್ನು ಅವಳ ಹೆಸರಿಗೆ ನೋಂದಣಿ ಮಾಡಿಸಿ, ಉತಾರದ ಪ್ರತಿಯನ್ನು ಅವಳ ಕೈಯಲ್ಲಿ ಕೊಟ್ಟು ಬಂದ. ಅತ್ತಿಗೆ ಒತ್ತಾಯಿಸಿದ್ದರಂತೆ, ಅವರ ತವರಿನಲ್ಲೂ ಹೀಗೇ ಆಗಿತ್ತು. ತಮ್ಮನದು ಇನ್ನೂ ಆಗಿಲ್ಲ. ಅವನಿಗೆ ಸಾಲವಿದೆ, ಮಗಳ ಮದುವೆಯಿದೆ. ಅವನ ತೊಂದರೆಯೂ ಸುಳ್ಳಲ್ಲ.

ಈ ಹಬ್ಬದ ಪೂಜೆ ಮುಗಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ನಾವು ಊರಿಗೆ ಹೊರಡುವವರಿದ್ದೇವೆ. ತಮ್ಮನಿಗೆ ಫೋನ್ ಮಾಡಿದಾಗ "ಬರ್ರಿ, ಇಲ್ಲೇ ಊಟಾ ಮಾಡೂಣು" ಎಂದಿದ್ದಾನೆ, ಬೇರೇನೂ ಹೇಳಿಲ್ಲ. ತಂಗಿಗೂ ತಿಳಿಸಿದ್ದೇವೆ. ಅವಳು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆಂದಿದ್ದಾಳೆ. ತಮ್ಮನ ಮಕ್ಕಳಿಗೆ ಕರ್ಚಿಕಾಯಿ ಮಾಡಿಟ್ಟಿದ್ದಾಳಂತೆ.